ಮರವಂತೆಯ ಮರಳು, ಗೇಮ್ ಬಾಯ್‌ನ ಗಾಜು

ಗೆದ್ದಲು ಹಿಡಿದೀತೆಂದು ಅಮ್ಮ ಹೆದರಿದ್ದರಿಂದ ಬೈಂದೂರಿನ ಮನೆಯ ಅಟ್ಟದಲ್ಲಿದ್ದ ಹಳೆಯ ಟ್ರಂಕು ಕಳೆದ ಬೇಸಿಗೆಯಲ್ಲಿ ಕೆಳಗಿಳಿಯಿತು. ಅದರೊಳಗೆ ಕೈಹಾಕಿದ ಅಕ್ಕನ ಮಗನಿಗೆ ಮದುವೆ ಆಲ್ಬಮ್ಮು, ತುಕ್ಕು ಹಿಡಿದ ಜಿಯಾಮೆಟ್ರಿ ಡಬ್ಬಿಗಳ ಅಡಿಯಲ್ಲಿ ಸಿಕ್ಕಿದ್ದು ನೇರಳೆ ಬಣ್ಣದ ಒಂದು ಗೇಮ್ ಬಾಯ್ ಅಡ್ವಾನ್ಸ್. 2003ರಲ್ಲಿ ದುಬೈಯಿಂದ ರಜೆಗೆ ಬಂದಿದ್ದ ಚಿಕ್ಕಪ್ಪ ತಂದದ್ದು. ಟ್ಯಾಂಗ್ ಡಬ್ಬ, ಸೆಂಟಿನ ಬಾಟ್ಲಿ, ತಲೆನೋವಿನ ಎಣ್ಣೆಗಳ ನಡುವೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿತ್ತು.

ಹುಡುಗ ಅದನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದ. “ಮಾವಾ, ಇದ್ರ್ ಡಿಸ್ಪ್ಲೇ ಹೋಯ್ತ್ ಕಾಣಿ” ಅಂದ.

ಡಿಸ್ಪ್ಲೇ ಹೋಗಿರಲಿಲ್ಲ. ಸೆಲ್ ಕೂರುವ ಜಾಗದ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು, ಅದಕ್ಕೆ ನಿಂಬೆರಸ ಮುಟ್ಟಿಸಿ ಕೆರೆದು ಒರೆಸಿ, ಎರಡು ಪೆನ್ಸಿಲ್ ಸೆಲ್ ಹಾಕಿದೆ. ಟಿಣ್ ಅಂತ ಆ ಹಳೆಯ ಸದ್ದು ಬಂತು. ಚಿತ್ರವೂ ಬಂತು. ಆದರೆ ಆಸಾಡಿ ಮಳೆಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದ ಹಾಗೆ, ಬಿಳಿಬಿಳಿ ಗೀರುಗಳ ಹಿಂದೆ ಎಲ್ಲೋ ಏನೋ ಓಡಾಡುತ್ತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಾವು ಪರದೆ ಎಂದುಕೊಂಡು ಬೆರಳಿಟ್ಟು ಒರೆಸುವುದು ಪರದೆಯನ್ನಲ್ಲ. ನಿಜವಾದ ಎಲ್‌ಸಿಡಿ ಒಂದಿಷ್ಟು ಒಳಗೆ ಕೂತಿರುತ್ತದೆ. ಅದರ ಮುಂದೆ ಗಾಳಿಯ ಸಣ್ಣ ಸಂದು, ಸಂದಿನ ಮುಂದೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ಅದು ಅಂಚಿನ ಅಂಟಿನ ಪಟ್ಟಿಯ ಬಲದಲ್ಲಷ್ಟೇ ನಿಂತಿರುತ್ತದೆ. ರಿಪೇರಿ ಬಲ್ಲವರು ಇದನ್ನು ಲೆನ್ಸ್ ಅನ್ನುತ್ತಾರೆ. ಯಾವುದನ್ನೂ ದೊಡ್ಡದು ಮಾಡಿ ತೋರಿಸದ ವಸ್ತುವಿಗೆ ಆ ಹೆಸರೇಕೋ! ನಮ್ಮ ಕಡೆ ಬಾಯಿಗೆ ಬರುವುದು ‘ಗ್ಲಾಸು’ ಎಂದೇ, ಅದು ಗಾಜಲ್ಲದಿದ್ದರೂ.

ಹಳೆಯ ಮಣ್ಣಿನ ಗೋಡೆಯ ಮನೆಗಳಿಗೆ ಮಳೆಗಾಲದ ಮುಂಚೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ನೆನಪಿದೆಯಲ್ಲ? ಇರಚಲು ಹೊಡೆದರೆ ತಟ್ಟಿಗೆ ಹೊಡೆಯಲಿ, ಗೋಡೆ ಉಳಿಯಲಿ ಎಂಬ ಲೆಕ್ಕ. ಮಳೆ ಮುಗಿಯುವಷ್ಟರಲ್ಲಿ ತಟ್ಟಿ ಕೊಳೆತು ಕಪ್ಪಾಗಿರುತ್ತಿತ್ತು. ಬಿಚ್ಚಿ ಒಲೆಗೆ ಹಾಕಿದರೆ ಆಯಿತು, ಮುಂದಿನ ವರ್ಷ ಹೊಸ ಮಡಲು. ಗೇಮ್ ಬಾಯ್‌ನ ಲೆನ್ಸೂ ಇಂಥದೇ ತಟ್ಟಿ. ಗೀರು ಬೀಳಲೆಂದೇ ಅದನ್ನು ಅಲ್ಲಿಟ್ಟಿದ್ದಾರೆ.

ನಮ್ಮ ಯಂತ್ರಕ್ಕೆ ಗೀರು ಬಿದ್ದದ್ದು ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತು. ಆ ವರ್ಷಗಳಲ್ಲಿ ಅದು ನಮ್ಮ ಜೊತೆ ಎಲ್ಲ ಕಡೆ ತಿರುಗಿತು. ಬೈಂದೂರಿನ ಸೋಮೇಶ್ವರದ ಕಡಲು, ತ್ರಾಸಿ, ಕುಂದಾಪುರದ ಕೋಡಿ. ಎಲ್ಲಕ್ಕಿಂತ ಹೆಚ್ಚಾಗಿ ಮರವಂತೆ. ಪಡುವಕ್ಕೆ ಸಮುದ್ರ, ಮೂಡಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಲ್ಲಿ ಗಾಳಿ ಬೀಸಿದರೆ ಮರಳು ಅಂಗಿಯ ಕಿಸೆಗೂ ಬರುತ್ತದೆ, ಚುರುಮುರಿಯ ಪೊಟ್ಟಣಕ್ಕೂ ಬರುತ್ತದೆ. ಈ ಮರಳಿನಲ್ಲಿ ಬಹುಪಾಲು ಬೆಣಚುಕಲ್ಲಿನ ಪುಡಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7, ಕಿಟಕಿಯ ಗಾಜಿಗೆ ಸುಮಾರು 5.5, ಲೆನ್ಸಿಗೆ ಬಳಸುವ ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ 3ರ ಆಸುಪಾಸು. ಗಡಸು ವಸ್ತು ಮೆದು ವಸ್ತುವಿನ ಮೇಲೆ ಗೆರೆ ಎಳೆಯುತ್ತದೆ. ಪ್ಲಾಸ್ಟಿಕ್ ಬೇಡ, ಗಾಜಿನ ಲೆನ್ಸೇ ಹಾಕೋಣ ಅಂದರೂ ಮರವಂತೆಯ ಮರಳಿಗೆ ಅದೂ ಸಾಲದು. ಗೀರು ಕಡಿಮೆ ಬೀಳಬಹುದು, ಅಷ್ಟೆ.

ಮರಳು ತಾನಾಗಿ ಬಂದು ಕೂತದ್ದರಿಂದ ಆದ ಹಾನಿ ಕಡಿಮೆ. ಅದನ್ನು ನಾವು ಲುಂಗಿಯ ತುದಿಯಿಂದ, ಅಂಗಿಯ ಚುಂಗಿನಿಂದ ಒತ್ತಿ ಒರೆಸಿದೆವಲ್ಲ, ಆಗ ಆದದ್ದೇ ಹೆಚ್ಚು. ಯಂತ್ರವನ್ನು ಚಂದ ಇಟ್ಟುಕೊಳ್ಳಬೇಕೆಂಬ ಆಸೆಯಿಂದಲೇ ಅದನ್ನು ಹಾಳು ಮಾಡಿದ್ದು.

ಈ ಮಾದರಿಗೆ ಗೀರು ಬಿದ್ದರೆ ಇಷ್ಟು ತೊಂದರೆ ಏಕೆ ಎಂಬುದಕ್ಕೂ ಕಾರಣವಿದೆ. 2001ರ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿಲ್ಲ. ಹೊರಗಿನ ಬೆಳಕು ಲೆನ್ಸಿನ ಮೂಲಕ ಒಳಗೆ ಹೋಗಿ, ಹಿಂದಿನ ಹೊಳಪು ಪದರಕ್ಕೆ ತಾಗಿ, ಮತ್ತೆ ಅದೇ ಲೆನ್ಸಿನ ಮೂಲಕ ಕಣ್ಣಿಗೆ ಬರಬೇಕು. ಒಂದೇ ಗೀರನ್ನು ಬೆಳಕು ಎರಡು ಸಲ ದಾಟುತ್ತದೆ. ಹೋಗುವಾಗ ಅದರ ನೆರಳು ಪರದೆಯ ಮೇಲೆ, ಬರುವಾಗ ಗೀರೇ ಕಣ್ಣೆದುರು. ಉದ್ದಕ್ಕೆ 240, ಅಗಲಕ್ಕೆ 160 ಚುಕ್ಕಿಗಳಿರುವ ಪುಟ್ಟ ಚಿತ್ರದಲ್ಲಿ ಒಂದು ಗೀರು ಎಂದರೆ ಒಂದು ಪಾತ್ರವೇ ಮಾಯ. ಕರೆಂಟ್ ಹೋದ ರಾತ್ರಿಗಳಲ್ಲಿ ಸೆಲ್ ತುಂಬಿದ್ದರೂ ನಮ್ಮ ಆಟ ನಿಂತುಹೋಗುತ್ತಿತ್ತು. ಚಿಮಣಿ ದೀಪದ ಬುಡದಲ್ಲಿ ಕೂತು ಆಡಲು ಹೋಗಿ ಅಕ್ಕ ಜಡೆಯ ತುದಿ ಸುಟ್ಟುಕೊಂಡಿದ್ದಳು. ಅವಳು ಈಗ ಅದನ್ನು ಒಪ್ಪುವುದಿಲ್ಲ.

ಗೇಮ್ ಬಾಯ್ ಮಾಡಿದ ನಿಂಟೆಂಡೊ ಕಂಪನಿ 1889ರಲ್ಲಿ ಜಪಾನಿನ ಕ್ಯೋಟೊದಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆ ಮಾಡುವುದರಿಂದ ಶುರುವಾದದ್ದು. ಅಲ್ಲಿಗೆ 1965ರಲ್ಲಿ ಸೇರಿದ ಗುನ್ಪೆ ಯೊಕೊಯ್, ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತಿದ್ದ ಒಬ್ಬ ಪ್ರಯಾಣಿಕನನ್ನು ನೋಡಿ ಕೈಯಲ್ಲಿ ಹಿಡಿಯುವ ಆಟದ ಯಂತ್ರ ಯೋಚಿಸಿದರು ಎಂಬ ಕಥೆ ಪ್ರಸಿದ್ಧ. 1980ರಲ್ಲಿ ಗೇಮ್ ಆ್ಯಂಡ್ ವಾಚ್, 1989ರಲ್ಲಿ ಗೇಮ್ ಬಾಯ್ ಬಂದವು. ಹೊಸ, ದುಬಾರಿ ತಂತ್ರಜ್ಞಾನದ ಹಿಂದೆ ಓಡದೆ, ಹಳತಾಗಿ ಪಳಗಿ ಅಗ್ಗವಾದದ್ದನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬುದು ಅವರ ಹಟ. ಬಣ್ಣವಿಲ್ಲದ ಪರದೆ, ದೀಪವಿಲ್ಲದ ಪರದೆ, ಪ್ಲಾಸ್ಟಿಕ್ಕಿನ ತಟ್ಟಿ ಎಲ್ಲವೂ ಆ ಹಟದಿಂದ ಹುಟ್ಟಿದ್ದು. ಇಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ಬೈಂದೂರಿನಲ್ಲಿ ಕೂತು ನಾನೊಬ್ಬ ಅದನ್ನು ಬಿಚ್ಚಬಹುದಾದದ್ದೂ ಅದರಿಂದಲೇ ಎನ್ನಬೇಕು. ಮುಂದೆ 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಕಂಪನಿ ಯಂತ್ರವನ್ನೇ ಮಡಚುವಂತೆ ಮಾಡಿತು. ಆಡದಾಗ ಮುಚ್ಚಿಟ್ಟರೆ ಗೀರಿನ ಕಾಟ ಕಡಿಮೆ. ಚಿಕ್ಕಪ್ಪ ಇನ್ನೊಂದಿಷ್ಟು ದಿರ್ಹಮ್ ಹಾಕಿ ಅದನ್ನೇ ತರಬಹುದಿತ್ತು ಎಂದು ನಾನು ಹೇಳಿದರೆ ಕೃತಘ್ನನಾದೇನು.

ಮೊದಲು ಬ್ರಹ್ಮಾವರದ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಯಂತ್ರವನ್ನು ತಿರುಗಿಸಿ ನೋಡಿ, “ಇದ್ರ ಕಾಂಬೋ ಸಿಕ್ಕೂದಿಲ್ಲ ಸರ್” ಅಂದ. ಅವನದು ತಪ್ಪಲ್ಲ. ಈಗಿನ ಹೆಚ್ಚಿನ ಫೋನುಗಳಲ್ಲಿ ಮೇಲಿನ ಗಾಜು, ಟಚ್, ಡಿಸ್ಪ್ಲೇ ಮೂರನ್ನೂ ಗಾಳಿಯ ಸಂದಿಲ್ಲದೆ ಪಾರದರ್ಶಕ ಅಂಟಿನಿಂದ ಒಂದು ಮಾಡಿರುತ್ತಾರೆ. ಗಾಜಷ್ಟೇ ಒಡೆದಿದ್ದರೂ ಅದನ್ನು ಬಿಡಿಸಲು ಬಿಸಿ ತಟ್ಟೆ, ಸಣ್ಣ ತಂತಿ, ಮತ್ತೆ ಕೂರಿಸಲು ಗುಳ್ಳೆ ತೆಗೆಯುವ ಮೆಷಿನ್ ಬೇಕು. ಅದಕ್ಕಿಂತ ಮೂರೂ ಸೇರಿದ ಕಾಂಬೋ ಹಾಕಿಬಿಡುವುದು ಸುಲಭ. ದಿನಕ್ಕೆ ಹತ್ತು ಕಾಂಬೋ ಹಾಕುವ ಕೈಗೆ, ಬರೇ ಅಂಚಿನ ಅಂಟಿನಲ್ಲಿ ನಿಂತ ಹಲಗೆಯೊಂದು ಇರಬಹುದೆಂಬ ಯೋಚನೆ ಹೇಗೆ ಬರಬೇಕು?

ಇನ್ನೊಂದು ಕಡೆ, ಊರೂ ಬೇಡ ಅಂಗಡಿಯ ಹೆಸರೂ ಬೇಡ, “ಈಗ ತೆಗ್ದ್ ಕೊಡ್ತೆ” ಎಂದು ಹೀಟ್ ಗನ್ ಹಿಡಿದೇಬಿಟ್ಟರು. ಅಕ್ರಿಲಿಕ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ, ಹೀಟ್ ಗನ್ನಿನ ಗಾಳಿ ಅದರ ಮೂರು ಪಟ್ಟು ಬಿಸಿ. ಲೆನ್ಸಿನ ಒಂದು ಮೂಲೆ ಹಪ್ಪಳದ ಹಾಗೆ ಎದ್ದಿತು. ನಾನು ಯಂತ್ರ ಕಿತ್ತುಕೊಂಡು ಹೊರಗೆ ಬಂದೆ.

ದಾರಿ ತೋರಿಸಿದ್ದು ಕುಂದಾಪುರದಲ್ಲಿ ಕೈಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಲೆನ್ಸಿನ ಮೇಲೆ ಉಗುರೆಳೆದು ನೋಡಿದರು. “ಇದ್ ಗ್ಲಾಸ್ ಅಲ್ಲ ಮಾರಾಯ್ರೆ, ಪ್ಲಾಸ್ಟಿಕ್. ಎಚ್‌ಎಂಟಿಗೂ ಇದೇ ಇದ್ದದ್ದ್” ಅಂದರು. ಸರಿಯಾದ ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಹೊರಟ ಎಚ್‌ಎಂಟಿಯ ಜನತಾ, ಪೈಲಟ್‌ನಂಥ ಕೀಲಿ ಕೊಡುವ ವಾಚುಗಳ ಮುಖಕ್ಕೆ ಇದ್ದದ್ದು ಅಕ್ರಿಲಿಕ್ಕೇ. ನಮ್ಮ ಅಜ್ಜಂದಿರ ಕಾಲದಿಂದ ವಾಚಿನ ಗ್ಲಾಸ್ ಮಸುಕಾದರೆ ಉಜ್ಜಿ ಹೊಳಪು ಕೊಡಿಸುವುದು, ಉಜ್ಜಿದರೂ ಆಗದಿದ್ದರೆ ಬದಲಿಸುವುದು ನಡೆದೇ ಇತ್ತು. ಗ್ಲಾಸ್ ಮಂಜಾಯಿತೆಂದು ಯಾರೂ ವಾಚು ಎಸೆಯಲಿಲ್ಲ.

ಉಗುರಿನ ಪರೀಕ್ಷೆ ಅವರು ಹೇಳಿಕೊಟ್ಟದ್ದು. ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಳ್ಳದಿದ್ದರೆ ಉಜ್ಜಿ ತೆಗೆಯಬಹುದು. ಬಿಳಿ ಟೂತ್‌ಪೇಸ್ಟ್ ಸಾಕು, ಜೆಲ್ ಆಗದು. ಹಿತ್ತಾಳೆ ಬೆಳಗುವ ಬ್ರಾಸೊ ಆದರೆ ಇನ್ನೂ ಒಳ್ಳೆಯದು. ಉಗುರು ಸಿಕ್ಕಿಕೊಂಡರೆ ಮೊದಲು ನೀರು ಹಾಕಿ 2000 ನಂಬರಿನ ವಾಟರ್ ಪೇಪರ್, ಆಮೇಲೆ ಪಾಲಿಶ್. ಅದಕ್ಕೂ ಬಗ್ಗದಿದ್ದರೆ ಹೊಸ ಲೆನ್ಸೇ ಗತಿ. ನಮ್ಮದು ಮೂಲೆ ಎದ್ದದ್ದರಿಂದ ಮೂರನೆಯ ದಾರಿಯೇ ಉಳಿದಿತ್ತು. ಆನ್‌ಲೈನ್‌ನಲ್ಲಿ ಹುಡುಕಿದರೆ ಇಂಥ ಲೆನ್ಸುಗಳು ಸಿಗುತ್ತವೆ. ನಾನು ಅಕ್ರಿಲಿಕ್ಕಿನದನ್ನೇ ತರಿಸಿದೆ. ಗಾಜಿನದು ಚಂದ ಕಾಣುತ್ತದೆ, ಆದರೆ ಹುಡುಗನ ಕೈಯಿಂದ ಸಿಮೆಂಟ್ ಜಗಲಿಗೆ ಬಿದ್ದರೆ?

ಹಳೆಯದನ್ನು ತೆಗೆಯಲು ಯಂತ್ರ ಬಿಚ್ಚಲೇಬೇಕೆಂದಿಲ್ಲ. ಬಿಚ್ಚುವವರಿಗೆ ಮೂರು ಕವಲಿನ ತಲೆಯ ಸ್ಕ್ರೂಗಳು ಎದುರಾಗುತ್ತವೆ, ಅದಕ್ಕೆ ಬೇರೆಯೇ ಸ್ಕ್ರೂಡ್ರೈವರ್ ಬೇಕು. ನಾವು ಹೊರಗಿನಿಂದಲೇ ತೆಗೆದೆವು. ಅಕ್ಕನ ಹೇರ್ ಡ್ರೈಯರಿನಿಂದ ಅಂಚಿಗೆ ಮಾತ್ರ, ಕೈಗೆ ತಡೆಯುವಷ್ಟು ಬಿಸಿ. ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆಯಂಥದೊಂದನ್ನು ಮೂಲೆಗೆ ತೂರಿಸಿ ಸುತ್ತಲೂ ನಿಧಾನ ಎಳೆದಾಗ ಚರ್ ಎಂದು ಅಂಟು ಬಿಟ್ಟಿತು. ಬ್ಲೇಡನ್ನು ಆಳಕ್ಕೆ ಹಾಕಿದರೆ ಕೆಟ್ಟಿತು, ಅಡಿಯಲ್ಲೇ ಎಲ್‌ಸಿಡಿಯ ಮೇಲಿನ ಪೋಲರೈಸರ್ ಹಾಳೆ ಇರುತ್ತದೆ. ಅದಕ್ಕೆ ಗೀರು ಬಿದ್ದರೆ ಅದು ಗೋಡೆಗೇ ಆದ ಗಾಯ. ಚೌಕಟ್ಟಿನಲ್ಲಿ ಉಳಿದ ಅಂಟನ್ನು ಬೆರಳಿನಿಂದ ಉರುಳಿಸಿ ಉರುಳಿಸಿ ತೆಗೆದದ್ದು ಅರ್ಧ ಗಂಟೆಯ ಕೆಲಸ. ಥಿನ್ನರ್, ಉಗುರಿನ ಬಣ್ಣ ತೆಗೆಯುವ ದ್ರಾವಣ ಮುಟ್ಟಿಸಲೇಬಾರದು, ಅಸಿಟೋನ್ ತಾಗಿದ ಪ್ಲಾಸ್ಟಿಕ್ ಕರಗುತ್ತದೆ.

ಮುಂದಿನ ಶತ್ರು ಧೂಳು. ಲೆನ್ಸ್ ಕೂರಿಸುವ ಆ ಒಂದು ಕ್ಷಣದಲ್ಲಿ ಒಳಗೆ ಸಿಕ್ಕಿದ ಒಂದು ಎಳೆ ನೂಲು ಮುಂದೆ ಆಟವಿಡೀ ಕಣ್ಣು ಕುಕ್ಕುತ್ತದೆ. ಬಿಸಿನೀರಿನ ಹಬೆಯಿಂದ ಧೂಳು ಕೂತ ಬಚ್ಚಲುಮನೆಯಲ್ಲಿ ಈ ಕೆಲಸ ಮಾಡಿ ಎಂದು ಒಣ ಊರುಗಳವರು ಹೇಳುತ್ತಾರೆ. ನಮ್ಮ ಕರಾವಳಿಯ ಕಷ್ಟ ತಿರುಗುಮುರುಗು. ಜೂನ್ ಹಿಡಿದರೆ ಧೂಳೇ ಇರುವುದಿಲ್ಲ, ಆದರೆ ಗಾಳಿಯಲ್ಲಿ ನೀರು. ಆ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ ತಂಪಾದಾಗ ಲೆನ್ಸಿನ ಒಳಮೈ ಬೆವರುತ್ತದೆ, ಬೂಸ್ಟು ಹಿಡಿಯುವ ಭಯವೂ ಇದೆ. ನಾವು ಮೇ ತಿಂಗಳ ಒಂದು ಮಧ್ಯಾಹ್ನ ಫ್ಯಾನ್ ನಿಲ್ಲಿಸಿ, ನೆಲ ಒರೆಸಿ ಕೂತೆವು. ಅದಕ್ಕೂ ಮುಂಚೆ ಯಂತ್ರವನ್ನು, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ರಾತ್ರಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ಅಕ್ಕಿ ಡಬ್ಬದಲ್ಲಿಡು ಎಂದು ಅಮ್ಮ ಹೇಳಿದರು. ಅಕ್ಕಿಯ ತೌಡು ಒಳಗೆ ಹೊಕ್ಕರೆ ಅದು ಇನ್ನೊಂದು ರಗಳೆ ಎಂದು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಕೂರಿಸುವುದು ನಿಮಿಷದ ಕೆಲಸ. ಒಳಮೈಯ ರಕ್ಷಣೆ ಹಾಳೆ ಸುಲಿದು, ಪಂಪಿನಿಂದ ಎರಡು ಸಲ ಗಾಳಿ ಊದಿ, ಒಂದು ಅಂಚು ತಾಗಿಸಿ ಮೆಲ್ಲಗೆ ಇಳಿಸಿ ಒತ್ತಿದೆ. ಬಾಯಲ್ಲಿ ಊದಬಾರದು, ಎಂಜಲು ಹಾರುತ್ತದೆ. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯ ಗುರುತಿಸಿತು. ಒಳ್ಳೆಯದೇ. ಆದರೆ ಹಕ್ಕಿದ್ದರೂ, ಬಿಚ್ಚಿದರೆ ಬಿಡಿಬಿಡಿಯಾಗಿ ಬರುವ ಹಾಗೆ ವಸ್ತುವನ್ನು ಕಟ್ಟಿರಬೇಕಲ್ಲ? ಅಂಚಿಗೆ ಮಾತ್ರ ಅಂಟು ಹಚ್ಚಿದ ಆ ಜಪಾನಿ ಎಂಜಿನಿಯರುಗಳ ಕೆಲಸ ಆ ಲೆಕ್ಕದಲ್ಲಿ ನನಗೆ ಯಾವ ಕಾಯ್ದೆಗಿಂತಲೂ ದೊಡ್ಡದಾಗಿ ಕಂಡಿತು.

ಮೂಲೆ ಎದ್ದ ಹಳೆಯ ಲೆನ್ಸನ್ನು ವಾಚಿನವರಿಗೆ ತೋರಿಸಲು ಕೊಟ್ಟಿದ್ದೆ. ಅವರು ಅದನ್ನು ಬಿಡುವಾದಾಗ ಉಜ್ಜುತ್ತಾ ಇದ್ದರಂತೆ. ಸೋಜಿಗ, ಮೂಲೆಯೊಂದು ಬಿಟ್ಟರೆ ಉಳಿದದ್ದೆಲ್ಲ ಹೊಸದರಂತೆ ತಿಳಿಯಾಗಿತ್ತು. ದುಡ್ಡು ಬೇಡವೆಂದರು. ಹುಡುಗನ ಕೈಯಿಂದ ಯಂತ್ರ ತೆಗೆದುಕೊಂಡು, ಕಣ್ಣಿನ ಭೂತಗನ್ನಡಿ ಪಕ್ಕಕ್ಕಿಟ್ಟು, ಅಂಗಡಿ ಬಾಗಿಲಿನ ಬೆಳಕಿಗೆ ತಿರುಗಿ ಎರಡು ರೌಂಡು ಆಡಿದರು. ಎರಡರಲ್ಲೂ ಸೋತರು.

ಜೂನ್ ಮೊದಲ ವಾರ ಅಕ್ಕನ ಮನೆಯವರು ಕೋಡಿಗೆ ಹೋಗಿಬಂದರು. ರಾತ್ರಿ ಹುಡುಗನ ಫೋನ್ ಬಂತು. “ಮಾವಾ, ಒಂದ್ ಗೀರ್ ಬಿತ್ತ್. ಆದ್ರೆ ನಾ ಒರ್ಸ್ಲಿಲ್ಲೆ, ನೀರಲ್ಲ್ ತೊಳ್ದೆ” ಅಂದ. ನೀರಲ್ಲಿ ತೊಳೆದದ್ದು ಲೆನ್ಸನ್ನು ಮಾತ್ರವೋ, ಇಡೀ ಯಂತ್ರವನ್ನೋ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.