ನನ್ನದೊಂದು ಓಟಿನಿಂದ ಏನಾದೀತು?



ಚುನಾವಣೆ ಬಂತೆಂದರೆ ಮನೆಯ ಜಗಲಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: “ಯಾರು ರಾಜ್ಯಭಾರ ಮಾಡಿದರೂ ನಾವು ರಾಗಿ ಬೀಸೋದು ತಪ್ಪೋದಿಲ್ಲ. ನನ್ನದೊಂದು ಓಟಿನಿಂದ ಏನಾಗಬೇಕಾಗಿದೆ?” ಹೀಗೆ ಹೇಳುವವರೆಲ್ಲ ಸೋಮಾರಿಗಳಲ್ಲ. ಹತ್ತಾರು ಬಾರಿ ಸಾಲಿನಲ್ಲಿ ನಿಂತು ಮತ ಹಾಕಿ, ನಲ್ಲಿಯಲ್ಲಿ ನೀರು ಬಾರದೆ ಬೇಸತ್ತವರೂ ಅವರಲ್ಲಿದ್ದಾರೆ. ಆದ್ದರಿಂದ ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಬೇಡ. ಸಮಾಧಾನವಾಗಿ ಪರಿಶೀಲಿಸೋಣ.

ಲೆಕ್ಕ ಏನು ಹೇಳುತ್ತದೆ?

ಮೊದಲು ನಿಜವನ್ನು ಒಪ್ಪಿಕೊಳ್ಳೋಣ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಎರಡು ಲಕ್ಷದ ಆಸುಪಾಸು ಮತದಾರರಿರುತ್ತಾರೆ. ಗೆಲುವಿನ ಅಂತರ ಸಾವಿರಗಳಲ್ಲಿರುತ್ತದೆ. ನಿಮ್ಮ ಒಂದೇ ಮತದಿಂದ ಫಲಿತಾಂಶ ಬದಲಾಗುವ ಸಂಭವ ತೀರಾ ಕಡಿಮೆ.

ಆದರೂ ಅದು ನಡೆಯದ ಸಂಗತಿಯೇನಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಅಂದಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಂದವು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತದ ಅಂತರ! ಕೆಲಸದ ನಡುವೆ ಸೋತ ಅಭ್ಯರ್ಥಿಯ ಕಾರಿನ ಚಾಲಕರಿಗೇ ಮತ ಹಾಕಲು ಆಗಿರಲಿಲ್ಲವೆಂದು ಆಮೇಲೆ ಪತ್ರಿಕೆಗಳಲ್ಲಿ ವರದಿಯಾಯಿತು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿಯೂ ಒಂದೇ ಮತ ಸೋಲು ಗೆಲುವನ್ನು ನಿರ್ಧರಿಸಿತು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತಗಳು.

ಆದರೆ ಇವನ್ನಷ್ಟೇ ತೋರಿಸಿ ನಿಮ್ಮನ್ನು ಒಪ್ಪಿಸಲು ಹೊರಟರೆ, ಲಾಟರಿ ಹೊಡೆದವನ ಕಥೆ ಹೇಳಿ ಟಿಕೆಟ್ ಮಾರಿದಂತಾದೀತು. ಮತದಾನಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ.

ಎಣಿಕೆಗೆ ಬಾರದವರು

ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು. ಆದರೆ ನಿಮ್ಮ ಬೀದಿಯವರು ಮತ ಹಾಕಿದರೋ ಇಲ್ಲವೋ ಎಂಬುದು ಗುಟ್ಟಲ್ಲ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿದ್ದಿತೆಂಬ ಪಟ್ಟಿ ಎಣಿಕೆಯ ನಂತರ ಪ್ರಕಟವಾಗುತ್ತದೆ. ಪಕ್ಷಗಳವರು ಅದನ್ನು ಮುಂದಿಟ್ಟುಕೊಂಡು ಮುಂದಿನ ಚುನಾವಣೆಯ ಲೆಕ್ಕ ಹಾಕುತ್ತಾರೆ.

ಹೀಗೆ ಊಹಿಸಿಕೊಳ್ಳಿ. ಎರಡು ಬಡಾವಣೆಗಳಿವೆ, ಎರಡಕ್ಕೂ ಚರಂಡಿ ಬೇಕು, ಹಣ ಒಂದಕ್ಕೆ ಸಾಲುವಷ್ಟೇ ಇದೆ. ಒಂದರಲ್ಲಿ ನೂರಕ್ಕೆ ಎಂಬತ್ತು ಜನ ಮತ ಹಾಕುತ್ತಾರೆ, ಇನ್ನೊಂದರಲ್ಲಿ ನಲವತ್ತು. ಮುಂದೆ ಮತ್ತೆ ಓಟು ಕೇಳಬೇಕಾದವರು ಮೊದಲು ಯಾವ ಬಡಾವಣೆಯ ಕಡೆ ನೋಡುತ್ತಾರೆ? ಗೆದ್ದವರಿಗೆ ಬೀಳದ ಮತವೂ ವ್ಯರ್ಥವಲ್ಲ. ಕಡಿಮೆ ಅಂತರದಿಂದ ಗೆದ್ದವರಿಗೆ ಮುಂದಿನ ಸಲದ ಅಳುಕು ಇದ್ದೇ ಇರುತ್ತದೆ. ಮತ ಹಾಕದವರ ಬಗ್ಗೆ ಮಾತ್ರ ಯಾರಿಗೂ ಅಳುಕಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 80ಕ್ಕೂ ಹೆಚ್ಚು ಮತದಾನವಾಯಿತು. ಕಾಲೇಜುಗಳೇ ತುಂಬಿರುವ ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53. ಕಾರಣಗಳು ಹಲವಿರಬಹುದು: ಮನೆ ಬದಲಾವಣೆ, ಪಟ್ಟಿಯಲ್ಲಿ ಹೆಸರಿಲ್ಲದಿರುವುದು, ರಜೆಯಲ್ಲಿ ಊರಿಗೆ ಹೋಗುವುದು. ಕಾರಣ ಯಾವುದೇ ಇರಲಿ, ಲೆಕ್ಕಕ್ಕೆ ಸಿಗುವುದು ಬಿದ್ದ ಮತ ಮಾತ್ರ.

ರಾಗಿ ಬೀಸುವವಳ ಹೆಸರು

ರಾಗಿ ಬೀಸುವ ಆ ಗಾದೆ ಅರಸರ ಕಾಲಕ್ಕೆ ಸರಿಯಾಗಿತ್ತು. ಯಾರು ಆಳಬೇಕೆಂದು ರಾಗಿ ಬೀಸುವವಳನ್ನು ಆಗ ಯಾರೂ ಕೇಳುತ್ತಿರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ನಡೆದ ಚುನಾವಣೆಗಳಲ್ಲಿಯೂ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತ. ನಮ್ಮ ಸಂವಿಧಾನದ 326ನೇ ವಿಧಿ ಈ ಬೇಲಿಯನ್ನು ಒಂದೇ ಏಟಿಗೆ ಕಿತ್ತುಹಾಕಿತು.

1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಸುಮಾರು 17 ಕೋಟಿ ಮತದಾರರ ಪಟ್ಟಿ ಸಿದ್ಧವಾಯಿತು. ಹೆಸರು ಬರೆದುಕೊಳ್ಳಲು ಹೋದವರಿಗೆ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರನ್ನೇ ಹೇಳಲಿಲ್ಲ. “ಇಂಥವರ ಹೆಂಡತಿ”, “ಇಂಥವರ ತಾಯಿ” ಎಂದರು. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಸ್ಥಾನವಿಲ್ಲವೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಮಹಿಳೆಯರ ನಮೂದು ಹೊಡೆದುಹೋಯಿತು. ನಿರ್ಧಾರ ಕಠಿಣವಾಗಿತ್ತು. ಆದರೆ ಅದರ ಹಿಂದಿದ್ದ ವಿಚಾರ ದೊಡ್ಡದು: ಮತ ಯಾರದೋ ಹೆಂಡತಿಗೆ, ಯಾರದೋ ತಾಯಿಗೆ ಸಿಗುವುದಲ್ಲ; ಹೆಸರಿರುವ ಒಬ್ಬ ಪ್ರಜೆಗೆ ಸಿಗುವುದು.

ಮೊದಲು ಮತ ಹಾಕಲು 21 ವರ್ಷ ತುಂಬಿರಬೇಕಾಗಿತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು. ಆ ಅವಕಾಶ ನಿಮ್ಮ ವಯಸ್ಸಿನವರಿಗಾಗಿಯೇ ಬಂದದ್ದು.

ಯಾರೂ ಮನಸ್ಸಿಗೆ ಒಪ್ಪದಿದ್ದರೆ?

ಈ ಆಕ್ಷೇಪಣೆಯೂ ಸರಿಯೇ. ಹಾಗಾದರೆ ಮೊದಲು ಅಭ್ಯರ್ಥಿಗಳ ಅಫಿಡವಿಟ್ ಓದಿ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ಬಹಿರಂಗಪಡಿಸಲೇಬೇಕು. ಓದಿದ ಮೇಲೂ ಯಾರೂ ಬೇಡವೆನಿಸಿದರೆ, 2013ರ ತೀರ್ಪಿನ ನಂತರ ಮತಯಂತ್ರದಲ್ಲಿ ‘ನೋಟಾ’ ಗುಂಡಿ ಇದೆ. ಶಾಸನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ಅದರಿಂದ ಫಲಿತಾಂಶ ರದ್ದಾಗುವುದಿಲ್ಲ. ಆದರೆ ನಿಮ್ಮ ಅಸಮಾಧಾನ ಅಂಕಿಯಾಗಿ ದಾಖಲಾಗುತ್ತದೆ. ಮನೆಯಲ್ಲಿ ಕುಳಿತವರದು ಅಸಮಾಧಾನವೋ ನಿದ್ದೆಯೋ ಎಂದು ಯಾರಿಗೆ ಗೊತ್ತಾಗಬೇಕು?

ಮತವೊಂದೇ ಸಾಕೇ?

ಸಾಲದು. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡರೆ ನಲ್ಲಿಗೆ ನೀರು ಬಾರದು. ಗ್ರಾಮಸಭೆಯಲ್ಲಿ ಕೇಳಬೇಕು, 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬೇಕು. ಮತ ಎನ್ನುವುದು ಹೀಗೆ ಕೇಳುವುದರ ಮೊದಲ ಮೆಟ್ಟಿಲು. ಗ್ರಾಮ ಪಂಚಾಯಿತಿ ಚುನಾವಣೆಯನ್ನಂತೂ ಹಗುರವಾಗಿ ಕಾಣಬೇಡಿ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರೆಂದು ಲೆಕ್ಕವಿಟ್ಟಿತು. ಅಷ್ಟು ಚಿಕ್ಕ ಕಡೆ ನಿಮ್ಮ ಮನೆಯ ನಾಲ್ಕು ಮತಗಳಿಗೆ ನಿಜವಾದ ತೂಕವಿದೆ.

ನೀವು ಮಾಡಬೇಕಾದುದು

17 ವರ್ಷ ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖುಗಳನ್ನು 18 ತುಂಬಿದ್ದಕ್ಕೆ ಅರ್ಹತಾ ದಿನಗಳೆಂದು ಹಿಡಿಯಲಾಗುತ್ತದೆ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಹೆಸರಿನ ಜೊತೆಗೆ ಅಜ್ಜಿಯ ಹೆಸರನ್ನೂ ನೋಡಿ. ಮನೆಗೆಲಸಕ್ಕೆ ಬರುವವರು, ಅಂಗಡಿಯ ಹುಡುಗರು ಮತದಾನದ ದಿನ ದುಡಿಯುತ್ತಿದ್ದರೆ ಅವರಿಗೆ ಹೋಗಿಬರಲು ಬಿಡುವು ಕೊಡಿಸಿ. ಲೋಕಸಭೆ, ವಿಧಾನಸಭೆ ಚುನಾವಣೆಯ ದಿನ ಉದ್ಯೋಗಿಗಳಿಗೆ ಸಂಬಳಸಹಿತ ರಜೆ ಕೊಡಬೇಕೆಂದು 1996ರಿಂದ ಕಾನೂನೇ ಹೇಳುತ್ತದೆ. ಸಂತೇಮರಹಳ್ಳಿಯ ಆ ಒಂದು ಮತವನ್ನು ಆಗ ನೆನಪಿಸಿಕೊಳ್ಳಿ.

ಚರ್ಚೆಗೆ:

1. ಮತದಾನವನ್ನು ಕಡ್ಡಾಯ ಮಾಡುವುದು ಸರಿಯೇ?

2. ಹಳ್ಳಿಗಳಿಗಿಂತ ದೊಡ್ಡ ನಗರಗಳಲ್ಲಿ ಮತದಾನ ಕಡಿಮೆಯಾಗಲು ಕಾರಣಗಳೇನು? ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ವಿಚಾರಿಸಿ ಬರೆಯಿರಿ.

3. ನಿಮ್ಮ ಮನೆಯಲ್ಲಿ ಯಾರಿಗೆ ಮತ ಹಾಕಬೇಕೆಂದು ಪ್ರತಿಯೊಬ್ಬರೂ ತಾವೇ ನಿರ್ಧರಿಸುತ್ತಾರೆಯೇ?