ಹೆಸರಿನ ಕೊನೆಯಲ್ಲಿದೆ ಗುಟ್ಟು

ಹಿಂದೂಪುರವನ್ನು ತೆಲುಗರು ಹಿಂದೂಪುರಂ ಎನ್ನುತ್ತಾರೆ. ಕಲ್ಯಾಣದುರ್ಗವನ್ನು ಕಲ್ಯಾಣದುರ್ಗಂ ಎನ್ನುತ್ತಾರೆ. ಆಂಧ್ರದ ಆ ಊರುಗಳ ಕನ್ನಡ ಮನೆಯವರಿಗೆ ಇದರಿಂದ ತೊಡಕೇನೂ ಇಲ್ಲ. ಕೊನೆ ಬದಲಾದರೂ ಊರು ಅದೇ. ನಮ್ಮಲ್ಲಿಯೂ ಹಾಗೆಯೇ, ಕನ್ನಡದ ರಾಮ ಮಲಯಾಳದಲ್ಲಿ ರಾಮನ್ ಆದರೂ ಆಳು ಒಬ್ಬನೇ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಹೆಸರಿನ ಕೊನೆಯನ್ನು ಲೆಕ್ಕಿಸದೆ ಮುಂದೆ ಸಾಗುವುದು ರೂಢಿ.

ಜೀವಶಾಸ್ತ್ರದ ತರಗತಿಯಲ್ಲಿ ಈ ರೂಢಿ ಕೈಕೊಡುತ್ತದೆ. ಡಿ.ಎನ್.ಎ., ಆರ್.ಎನ್.ಎ. ಪಾಠದಲ್ಲಿ ಬರುವ ಅಡೆನಿನ್, ಅಡೆನೊಸಿನ್ ಎಂಬವು ಒಂದೇ ಹೆಸರಿನ ಎರಡು ಉಚ್ಚಾರಗಳಲ್ಲ. ಎರಡು ಬೇರೆ ವಸ್ತುಗಳು.

ಅಡೆನಿನ್ ಎಂಬುದು ಬರಿಯ ಪ್ರತ್ಯಾಮ್ಲ. ಅದಕ್ಕೆ ರೈಬೋಸ್ ಸಕ್ಕರೆ ಸೇರಿದರೆ ಅಡೆನೊಸಿನ್. ಇಂತಹ ಜೋಡಿಗೆ ನ್ಯೂಕ್ಲಿಯೊಸೈಡ್ ಎಂದು ಹೆಸರು. ಮೇಲೆ ಫಾಸ್ಫೇಟ್ ಕೂಡಿದರೆ ಅದು ನ್ಯೂಕ್ಲಿಯೊಟೈಡ್. 'ಸೈ' ಹೋಗಿ 'ಟೈ' ಬಂತೆಂದರೆ ಫಾಸ್ಫೇಟ್ ಬಂತೆಂದು ತಿಳಿಯಬೇಕು. ಡಿ.ಎನ್.ಎ. ಸರಪಣಿಯ ಕೊಂಡಿಗಳು ಇವೇ. ಅಲ್ಲಿ ಸಕ್ಕರೆ ಮಾತ್ರ ಡಿಆಕ್ಸಿರೈಬೋಸ್.

ನ್ಯೂಕ್ಲಿಯೊಸೈಡುಗಳಿಗೆ ಹೆಸರಿಡುವ ಕ್ರಮ ಸರಳವಾಗಿದೆ. ಅಡೆನಿನ್, ಗ್ವಾನಿನ್ ಎಂಬ ಪ್ಯೂರಿನ್‌ಗಳು 'ಒಸಿನ್' ಎಂಬ ಕೊನೆಯನ್ನು ಪಡೆಯುತ್ತವೆ: ಅಡೆನೊಸಿನ್, ಗ್ವಾನೊಸಿನ್. ಸೈಟೊಸಿನ್, ಥೈಮಿನ್, ಯುರಾಸಿಲ್ ಎಂಬ ಪಿರಿಮಿಡಿನ್‌ಗಳಿಗೆ 'ಇಡಿನ್' ಕೊನೆ: ಸೈಟಿಡಿನ್, ಥೈಮಿಡಿನ್, ಯುರಿಡಿನ್.

ಜಾಣ ಮಕ್ಕಳೂ ಎಡವುವುದು ಸೈಟೊಸಿನ್‌ನಲ್ಲಿ. ಕೊನೆಯಲ್ಲಿ 'ಒಸಿನ್' ಇದ್ದರೂ ಅದು ಬರಿಯ ಪ್ರತ್ಯಾಮ್ಲ. ಕಾರಣವಿಷ್ಟೆ: ಪ್ರತ್ಯಾಮ್ಲಗಳಿಗೆ ಹೆಸರಿಟ್ಟವರು ಒಂದು ನಿಯಮ ಹಿಡಿದು ಇಟ್ಟವರಲ್ಲ. ಗ್ವಾನಿನ್ ಹೆಸರು ಬಂದದ್ದು ಗ್ವಾನೊ ಎಂಬ ಹಕ್ಕಿಹಿಕ್ಕೆಯ ಗೊಬ್ಬರದಿಂದ. ಥೈಮಿನ್ ಥೈಮಸ್ ಗ್ರಂಥಿಯಿಂದ. 1885ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಗ್ರಂಥಿಗೆ ಗ್ರೀಕರು ಹೇಳುವ ಮಾತಿನಿಂದ ಅಡೆನಿನ್ ಎಂದು ಕರೆದರು. ಅವರಿಗೆ 1910ರಲ್ಲಿ ನೊಬೆಲ್ ಬಹುಮಾನ ಸಂದಿತು.

ಆದುದರಿಂದ ಇಲ್ಲಿ ತಪ್ಪಿದ ಮಗುವನ್ನು ಕನ್ನಡ ಮಾಧ್ಯಮದಿಂದ ಬಂದದ್ದಕ್ಕೆ ಹೀಗಾಯಿತೆಂದು ಹಳಿಯಬೇಕಾಗಿಲ್ಲ. ಈ ಹೆಸರುಗಳು ತೆಲುಗು, ಮಲಯಾಳ ಮಕ್ಕಳಿಗೂ ಅಷ್ಟೇ ಹೊಸತು. ಮರ, ಮರವನ್ನು, ಮರದಿಂದ ಎಂದು ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರು ನಾವು. ಪ್ರತ್ಯಯ ಬದಲಾದರೆ ಅರ್ಥ ಬದಲಾಗುವುದೆಂದು ನಮ್ಮ ಮಕ್ಕಳಿಗೆ ಗೊತ್ತು. ಇಲ್ಲಿಯೂ ಹಾಗೆಯೇ ಎಂದು ಒಮ್ಮೆ ಕೂರಿಸಿಕೊಂಡು ಹೇಳಿದರೆ ಸಾಕು.