ಮರುಭೂಮಿಯಲ್ಲಿ ದಾರಿ ತೋರುವ ಯಂತ್ರ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಮರ್ರೆ ನದಿಯ ದಂಡೆಯ ಮೇಲೆ, ಮಿಲ್ಡೂರಾ ಎಂಬ ಪಟ್ಟಣವಿದೆ. ದ್ರಾಕ್ಷಿ, ಕಿತ್ತಳೆಯ ತೋಟಗಳಿಗೆ ಹೆಸರಾದ ಊರು. 2012ರ ಡಿಸೆಂಬರ್ ತಿಂಗಳಲ್ಲಿ ಅಲ್ಲಿಯ ಪೊಲೀಸರು ಒಂದು ವಿಚಿತ್ರ ಎಚ್ಚರಿಕೆಯನ್ನು ಪ್ರಕಟಿಸಬೇಕಾಯಿತು. ಆ ಊರಿಗೆ ಹೊರಟ ಪ್ರಯಾಣಿಕರು ಆಪಲ್ ಕಂಪನಿಯ ಫೋನಿನಲ್ಲಿದ್ದ ಹೊಸ ನಕಾಶೆಯನ್ನು ನಂಬಿ, ಊರಿನಿಂದ ಸುಮಾರು 70 ಕಿಲೋಮೀಟರ್ ದೂರದ ಮರ್ರೆ-ಸನ್‌ಸೆಟ್ ರಾಷ್ಟ್ರೀಯ ಉದ್ಯಾನದ ನಡುವೆ ಹೋಗಿ ಸಿಕ್ಕಿಕೊಳ್ಳುತ್ತಿದ್ದರು. ಅಲ್ಲಿ ನೀರಿಲ್ಲ. ಬೇಸಿಗೆಯ ತಾಪವು 46 ಡಿಗ್ರಿಯವರೆಗೆ ಏರುತ್ತದೆ. ಕೆಲವರು 24 ಗಂಟೆಗಳ ಕಾಲ ಅನ್ನನೀರಿಲ್ಲದೆ ಕಳೆದರು.

ಇಂಥ ಪ್ರಮಾದಕ್ಕೆ ಕಾರಣವಾದರೂ ಏನು? ಆ ದೇಶದ ಸ್ಥಳನಾಮಗಳ ಅಧಿಕೃತ ಪಟ್ಟಿಯಲ್ಲಿ ಮಿಲ್ಡೂರಾ ಎಂಬುದು ಎರಡು ಕಡೆ ಬರುತ್ತದೆ. ಒಂದು ಊರಿನ ಹೆಸರು. ಇನ್ನೊಂದು ಆ ಊರನ್ನೂ ಸುತ್ತಣ ವಿಶಾಲ ಭೂಭಾಗವನ್ನೂ ಒಳಗೊಂಡ ಆಡಳಿತ ವಿಭಾಗದ ಹೆಸರು. ನಮ್ಮಲ್ಲಿಯೂ ತಾಲೂಕಿಗೂ ತಾಲೂಕಿನ ಕೇಂದ್ರಸ್ಥಳಕ್ಕೂ ಒಂದೇ ಹೆಸರಿರುವುದುಂಟಷ್ಟೆ. ವಿಭಾಗದ ನಟ್ಟನಡುವಿನ ಬಿಂದುವು ನಿರ್ಜನವಾದ ಕುರುಚಲು ಕಾಡಿನಲ್ಲಿ ಬೀಳುತ್ತದೆ. ಯಂತ್ರವು ಜನರನ್ನು ಆ ಬಿಂದುವಿಗೇ ಒಯ್ದಿತು. ಆಕಾಶದ ಉಪಗ್ರಹಗಳು ಕಿಂಚಿತ್ತೂ ತಪ್ಪಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ತಪ್ಪಿದ್ದು ನಕಾಶೆ. ಇವೆರಡೂ ಒಂದೇ ಎಂಬ ಭ್ರಮೆಯು ಈಗ ಮನೆಮನೆಯಲ್ಲಿ ಬೇರೂರಿರುವುದರಿಂದಲೇ ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಮೆಲ್ಬರ್ನ್, ಸಿಡ್ನಿ ನಗರಗಳಲ್ಲಿ ನೆಲೆಸಿದ್ದಾರೆ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ದೊರೆಯುವ ಜೀಪಿನಂಥ ಗಾಡಿಗಳನ್ನು ಕೊಂಡು, ರಜೆಯಲ್ಲಿ ಮಡದಿ ಮಕ್ಕಳೊಡನೆ ಡಾಂಬರು ರಸ್ತೆಯಿಲ್ಲದ ಒಳನಾಡನ್ನು ನೋಡಿಬರುವ ಹವ್ಯಾಸವು ಅಲ್ಲಿ ಬಹಳ. ಬಂಧುವರ್ಗದ ತರುಣನೊಬ್ಬನು ಸಿಂಪ್ಸನ್ ಮರುಭೂಮಿಗೆ ಹೋಗುವ ಮಾತೆತ್ತಿದಾಗ, ದಾರಿಯ ವಿಚಾರವನ್ನು ಕೇಳಿದೆವು. "ಕಾಕಾ, ಫೋನಿನ್ಯಾಗ ನಕಾಶೆ ಐತಲ್ಲ, ಇನ್ನೇನ ಬೇಕು?" ಎಂದುಬಿಟ್ಟನು. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು.

ಜಿ.ಪಿ.ಎಸ್. ಎಂಬುದು ಅಮೆರಿಕೆಯ ಸೈನ್ಯವು ಕಟ್ಟಿದ ವ್ಯವಸ್ಥೆ. ಅದರ ಮೊದಲ ಉಪಗ್ರಹವು 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆಯು ಪೂರ್ಣಗೊಂಡಿತೆಂದು ಘೋಷಿಸಲಾಯಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಕನಿಷ್ಠ 24 ಉಪಗ್ರಹಗಳು ಸುತ್ತುತ್ತ, ತಾವಿರುವ ಸ್ಥಾನವನ್ನೂ ತಮ್ಮ ಗಡಿಯಾರದ ಕಾಲವನ್ನೂ ಎಡೆಬಿಡದೆ ಸಾರುತ್ತಿರುತ್ತವೆ. ನಮ್ಮ ಕೈಯಲ್ಲಿರುವ ಯಂತ್ರವು ಆ ಸಂಕೇತಗಳು ಬಂದು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ಗಣಿಸುತ್ತದೆ. ಸ್ಥಾನ ನಿರ್ಣಯಕ್ಕೆ ಮೂರು ಉಪಗ್ರಹಗಳು, ಯಂತ್ರದ ಅಗ್ಗದ ಗಡಿಯಾರವನ್ನು ತಿದ್ದಲು ನಾಲ್ಕನೆಯದು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ನೆಲದ ಮೇಲೆ 300 ಮೀಟರ್ ತಪ್ಪಿದಂತೆ! ಜನಸಾಮಾನ್ಯರ ಯಂತ್ರಗಳಲ್ಲಿ ಬುದ್ಧಿಪೂರ್ವಕವಾಗಿ ಸುಮಾರು 100 ಮೀಟರಿನಷ್ಟು ದೋಷವನ್ನು ಸೇರಿಸುವ ಪದ್ಧತಿಯು 2000ದ ಮೇ ತಿಂಗಳಲ್ಲಿ ನಿಂತ ಮೇಲೆ, ಬಯಲಿನಲ್ಲಿ ಕೆಲವೇ ಮೀಟರುಗಳ ಅಂತರದಲ್ಲಿ ನಮ್ಮ ಇರವು ತಿಳಿಯುವಂತಾಗಿದೆ.

ಯಂತ್ರವು ಕೇವಲ ಆಲಿಸುತ್ತದೆ, ಮಾತನಾಡುವುದಿಲ್ಲ. ಆದುದರಿಂದ ಮೊಬೈಲ್ ಗೋಪುರವಿಲ್ಲದ ಕಡೆಯೂ ಅದು ಕೆಲಸ ಮಾಡುತ್ತದೆ. ಆದರೆ ನೀವು ಸಂಕಟದಲ್ಲಿದ್ದೀರೆಂಬುದನ್ನು ಅದು ಯಾರಿಗೂ ತಿಳಿಸಲಾರದು. ಇನ್ನು ನಕಾಶೆ: ಊರಿನಲ್ಲಿ ಫೋನಿನ ಮೇಲೆ ಕಾಣುವ ನಕಾಶೆಯು ಗೋಪುರದ ಮೂಲಕ ಆಗಿಂದಾಗ ಬಂದು ಮೂಡುವಂಥದು. ಗೋಪುರ ಮರೆಯಾದೊಡನೆ ನಕಾಶೆಯೂ ಮರೆಯಾಗಿ, ಬರಿದಾದ ಹಿನ್ನೆಲೆಯ ಮೇಲೆ ನೀಲಿಯ ಚುಕ್ಕೆಯೊಂದೇ ಉಳಿಯುತ್ತದೆ. ಮೊದಲೇ ಮನೆಯಲ್ಲಿ ಆ ಪ್ರದೇಶದ ನಕಾಶೆಯನ್ನು ಯಂತ್ರದೊಳಗೆ ಇಳಿಸಿಕೊಂಡಿರದಿದ್ದರೆ ಆ ಚುಕ್ಕೆಯಿಂದ ಪ್ರಯೋಜನವಿಲ್ಲ.

ಸಿಂಪ್ಸನ್ ಮರುಭೂಮಿಯ ವಿಸ್ತಾರ ಸುಮಾರು 1,76,500 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕಕ್ಕಿಂತ ತುಸುವೇ ಕಡಿಮೆ. ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಮರಳ ದಿಬ್ಬಗಳು, ನೇಗಿಲ ಸಾಲುಗಳಂತೆ ಒಂದರ ಪಕ್ಕಕ್ಕೊಂದು, ವಾಯವ್ಯದಿಂದ ಆಗ್ನೇಯದ ಕಡೆಗೆ ಹಬ್ಬಿವೆ. ಪೂರ್ವದ ಅಂಚಿನಲ್ಲಿ, ಬರ್ಡ್ಸ್‌ವಿಲ್ ಎಂಬ ಚಿಕ್ಕ ಊರಿನ ಹತ್ತಿರವಿರುವ 'ಬಿಗ್ ರೆಡ್' ಎಂಬ ದಿಬ್ಬವು ಸುಮಾರು 40 ಮೀಟರ್ ಎತ್ತರವಿದೆ. 1962ರಲ್ಲಿ ಭೂವಿಜ್ಞಾನಿ ರೆಜ್ ಸ್ಪ್ರಿಗ್ ಅವರು ಮೋಟಾರು ಗಾಡಿಯಲ್ಲಿ ಈ ಮರುಭೂಮಿಯನ್ನು ಮೊಟ್ಟಮೊದಲು ದಾಟಿದಾಗ ಅವರೊಡನಿದ್ದವರು ಸೈನಿಕರೂ ಅಲ್ಲ, ಸಾಹಸಿಗಳೂ ಅಲ್ಲ. ಅವರ ಪತ್ನಿ ಗ್ರಿಸೆಲ್ಡಾ ಮತ್ತು ಇಬ್ಬರು ಎಳೆಯ ಮಕ್ಕಳು. ಮರುವರ್ಷ ಪೆಟ್ರೋಲಿಯಂ ಶೋಧನೆಗಾಗಿ ಫ್ರೆಂಚ್ ಕಂಪನಿಯೊಂದು ದಿಬ್ಬಗಳನ್ನು ಅಡ್ಡಹಾಯ್ದು ನೇರವಾಗಿ ಗೆರೆ ಕೊಯ್ದಂತೆ ಒಂದು ಜಾಡನ್ನು ತೆಗೆಯಿತು. ಅದೇ ಇಂದಿನ 'ಫ್ರೆಂಚ್ ಲೈನ್'. ನಕಾಶೆಯಲ್ಲಿ ಅದೊಂದು ಸರಳ ರೇಖೆ. ನೆಲದ ಮೇಲೆ ನೂರಾರು ಸಲ ಹತ್ತಿ ಇಳಿಯಬೇಕಾದ ಮರಳು. ಯಂತ್ರವು ಕಿಲೋಮೀಟರುಗಳನ್ನು ಎಣಿಸಿ ಇಷ್ಟು ಗಂಟೆಯಲ್ಲಿ ತಲುಪುವಿರೆಂದು ಹೇಳುವ ಲೆಕ್ಕವು ಅಲ್ಲಿ ನಡೆಯುವುದಿಲ್ಲ. ಮೌಂಟ್ ಡೇರ್‌ನಿಂದ ಬರ್ಡ್ಸ್‌ವಿಲ್‌ವರೆಗೆ ಸುಮಾರು 500 ಕಿಲೋಮೀಟರ್ ಉದ್ದಕ್ಕೂ ಇಂಧನ ದೊರೆಯದು. ಮರಳಿನಲ್ಲಿ ಗಾಡಿಯು ಡಾಂಬರಿನ ಮೇಲಿಗಿಂತ ಬಹಳ ಹೆಚ್ಚು ಇಂಧನವನ್ನು ಕುಡಿಯುತ್ತದೆ.

ಈ ಮರುಭೂಮಿಯ ಪೂರ್ವಭಾಗದಲ್ಲಿ ಮೂರು ಪ್ರಾಂತ್ಯಗಳ ಗಡಿಗಳು ಕೂಡುವ 'ಪೆಪಲ್ ಮೂಲೆ' ಎಂಬ ಸ್ಥಳವುಂಟು. ದಕ್ಷಿಣ ಅಕ್ಷಾಂಶ 26, ಪೂರ್ವ ರೇಖಾಂಶ 138 ಅಲ್ಲಿ ಸಂಧಿಸಬೇಕು. 1880ರ ಸುಮಾರಿಗೆ ಆಗಸ್ಟಸ್ ಪೆಪಲ್ ಎಂಬ ಮೋಜಣಿದಾರನು ಒಂಟೆಗಳ ಸಹಾಯದಿಂದ ಅಳೆಯುತ್ತ ಬಂದು ಕಂಬ ನೆಟ್ಟಾಗ, ಅದು ಉಪ್ಪಿನ ಸರೋವರದೊಳಗೆ ಬಿದ್ದಿತು. ಅಳತೆಯ ಸರಪಳಿಯು ಸುಮಾರು ಒಂದು ಅಂಗುಲ ಉದ್ದವಾಗಿತ್ತೆಂದು ಆಮೇಲೆ ತಿಳಿದುಬಂದು, ಲಾರೆನ್ಸ್ ವೆಲ್ಸ್ ಎಂಬವರು ಕಂಬವನ್ನು ಸರಿಯಾದ ಸ್ಥಳಕ್ಕೆ ಸ್ಥಳಾಂತರಿಸಿದರು. ಹೊಲದ ಅಂಚಿನಲ್ಲಿ ಸರಪಳಿ ಎಳೆದು ಗುಂಟೆ ಅಳೆಯುವುದನ್ನು ಕಂಡ ನಮ್ಮ ರೈತ ಬಾಂಧವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ನಕಾಶೆಯೂ ಯಾರೋ ಒಬ್ಬರು ಯಾವುದೋ ಒಂದು ಕಾಲದಲ್ಲಿ ಅಳೆದದ್ದು.

ಅಂಥ ತಪ್ಪು ಇಂದು ಬೇರೆ ವೇಷದಲ್ಲಿ ಬರುತ್ತದೆ. ಆಸ್ಟ್ರೇಲಿಯಾದ ಹಳೆಯ ಮುದ್ರಿತ ನಕಾಶೆಗಳು 1966ರ ಭೂಮಾಪನ ಆಧಾರವನ್ನು ಅನುಸರಿಸಿದವು. ಯಂತ್ರದ ಆಧಾರ ಬೇರೆ. ಎರಡನ್ನೂ ಹೊಂದಿಸದೆ ನೋಡಿದರೆ ಸುಮಾರು 200 ಮೀಟರಿನ ವ್ಯತ್ಯಾಸ ಕಾಣುತ್ತದೆ. ಸಾಲದುದಕ್ಕೆ ಆ ಖಂಡವೇ ವರ್ಷಕ್ಕೆ ಸುಮಾರು 7 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ! ಇದಕ್ಕಿಂತ ಘೋರವಾದುದು ಅಂಕಿಗಳನ್ನು ಬರೆದುಕೊಳ್ಳುವಾಗಿನ ಅಜಾಗರೂಕತೆ. 26 ಡಿಗ್ರಿ 30 ಮಿನಿಟು ಎಂದರೆ ದಶಮಾಂಶದಲ್ಲಿ 26.5. ಅದನ್ನು 26.30 ಎಂದು ಯಂತ್ರಕ್ಕೆ ಉಣಿಸಿದರೆ ನೀವು ಸುಮಾರು 22 ಕಿಲೋಮೀಟರ್ ಆಚೆ ಹೋಗಿ ನಿಲ್ಲುವಿರಿ. ಮನೆಯಲ್ಲಿ ಲೆಕ್ಕದಲ್ಲಿ ಚುರುಕಾದ ಮಗುವಿದ್ದರೆ ಈ ಕೆಲಸವನ್ನು ಅದಕ್ಕೆ ವಹಿಸುವುದು ಲೇಸು.

ನಕಾಶೆಯಲ್ಲಿ ಗೆರೆಯಿದೆ ಎಂದ ಮಾತ್ರಕ್ಕೆ ನೆಲದಲ್ಲಿ ದಾರಿಯಿದೆಯೆಂದು ತಿಳಿಯಲಾಗದು. 2024ರ ಫೆಬ್ರವರಿಯಲ್ಲಿ ಕ್ವೀನ್ಸ್‌ಲೆಂಡಿನ ಉತ್ತರ ಭಾಗದಲ್ಲಿ ಇಬ್ಬರು ಜರ್ಮನ್ ಪ್ರವಾಸಿಗರು ಗೂಗಲ್ ನಕಾಶೆ ತೋರಿದ ಹಳೆಯ ಜಾಡನ್ನು ಹಿಡಿದು ಹೋಗಿ, ಗಾಡಿ ಕೆಸರಿನಲ್ಲಿ ಹೂತು, ಒಂದು ವಾರಕ್ಕೂ ಹೆಚ್ಚು ಕಾಲ ಕಾಲ್ನಡಿಗೆಯಲ್ಲಿ ಕಷ್ಟಪಟ್ಟು ಕೋಯೆನ್ ಎಂಬ ಊರನ್ನು ಸೇರಿದರು. ಅದು ಮಳೆಗಾಲ. ಮಳೆಯ ವಿಚಾರವನ್ನು ಗೆರೆಯು ಹೇಳುವುದಿಲ್ಲ. ಬರ್ಡ್ಸ್‌ವಿಲ್‌ನ ಪಶ್ಚಿಮಕ್ಕೆ ಐರ್ ಕ್ರೀಕ್ ಎಂಬ ಹಳ್ಳವು ಎಲ್ಲೋ ದೂರದ ಮಳೆಗೆ ತುಂಬಿ ಹರಿದರೆ ಜಾಡು ಮುಳುಗಿ, ಬಹುದೂರ ಸುತ್ತಿ ಹೋಗಬೇಕಾಗುತ್ತದೆ. ಇದನ್ನು ಹೇಳಬಲ್ಲವರು ಆ ಊರಿನ ಜನ, ಉದ್ಯಾನದ ಕಾವಲುಗಾರರು. ಹೊರಡುವ ಮುನ್ನ ಅವರನ್ನು ಕೇಳಲು ನಾಚಿಕೆ ಏಕೆ?

ನಕಾಶೆಯೇ ಇಲ್ಲದ ಕಾಲದಲ್ಲಿ ಆ ಮರುಭೂಮಿಯ ನಡುವೆ ಬಾಳಿದವರು ವಾಂಗ್ಕಂಗುರು ಜನ. ದಿಬ್ಬಗಳ ನಡುವಣ ತಗ್ಗುಗಳಲ್ಲಿ ಕೈಯಿಂದ ತೋಡಿದ, 'ಮಿಕಿರಿ' ಎಂದು ಹೆಸರಾದ ಆಳವಾದ ಇಕ್ಕಟ್ಟಿನ ಬಾವಿಗಳೇ ಅವರ ಜೀವಾಧಾರ. 1886ರಲ್ಲಿ ಡೇವಿಡ್ ಲಿಂಡ್ಸೆ ಎಂಬ ಅನ್ವೇಷಕನು ಅಂಥ ಒಂಬತ್ತು ಬಾವಿಗಳನ್ನು ಕಂಡನು. ತೋರಿಸಿದವನು ಅದೇ ಜನದ ಮಾರ್ಗದರ್ಶಿ. 1900ರ ಹೊತ್ತಿಗೆ ಆ ಜನರು ಮರುಭೂಮಿಯನ್ನು ಬಿಟ್ಟು ಹೊರಬಂದರು. ಬಾವಿಗಳು ಮರಳಿನಲ್ಲಿ ಮುಚ್ಚಿಹೋದವು. ಆದರೆ ಯಾವ ಬಾವಿಯಾದ ಮೇಲೆ ಯಾವ ಬಾವಿ ಎಂಬುದು ಹಿರಿಯರ ಹಾಡುಗಳಲ್ಲಿಯೂ ಕಥೆಗಳಲ್ಲಿಯೂ ಉಳಿದಿತ್ತು. ಅವುಗಳನ್ನು ಬಾಲ್ಯದಲ್ಲಿ ಅಲ್ಲಿಂದ ನಡೆದು ಬಂದಿದ್ದ ವೃದ್ಧರ ಬಾಯಿಂದ ಕೇಳಿ ಬರೆದುಕೊಂಡವರು ಲೂಯಿಸ್ ಹರ್ಕಸ್. ಈ ವಿದುಷಿಯು ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದವರು ಎಂಬುದು, ಮಠದ ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಕಂಠಪಾಠ ಮಾಡಿ ಬೆಳೆದ ನಮಗೆ ವಿಶೇಷ ಸಂತೋಷವನ್ನು ಕೊಟ್ಟ ಸಂಗತಿ. 1980ರ ದಶಕದಲ್ಲಿ ಆ ಒಂಬತ್ತು ಬಾವಿಗಳ ನೆಲೆಯನ್ನು ಮತ್ತೆ ಗುರುತಿಸಿ, ಅವರು ಸಹಲೇಖಕರೊಡನೆ ಲೇಖನವನ್ನು ಪ್ರಕಟಿಸಿದರು. ಉಪಗ್ರಹವು ನೀರಿನ ನೆಲೆಯನ್ನು ತಾನಾಗಿ ಅರಿಯದು. ಅರಿತವರು ಹೇಳಿದರೆ ಗುರುತಿಟ್ಟುಕೊಳ್ಳುತ್ತದೆ, ಅಷ್ಟೆ.

ಇಷ್ಟು ಹೇಳಿದುದರಿಂದ ಯಂತ್ರವನ್ನು ಬಿಟ್ಟು ಹೋಗಿರೆಂದು ನಾವು ಬೋಧಿಸುತ್ತಿದ್ದೇವೆಂದು ಯಾರೂ ಭಾವಿಸಬಾರದು. ನಡೆದು ಬಂದ ಹಾದಿಯನ್ನು ಚುಕ್ಕೆಚುಕ್ಕೆಯಾಗಿ ದಾಖಲಿಸಿಕೊಳ್ಳುವ ಅದರ ಗುಣವು ಅಮೂಲ್ಯವಾದುದು. ಮುಂದಿನ ದಾರಿ ಸಂಶಯಾಸ್ಪದವಾದಾಗ ಬಂದ ದಾರಿಯಲ್ಲಿಯೇ ಹಿಂದಿರುಗಲು ಅದಕ್ಕಿಂತ ಒಳ್ಳೆಯ ಸಹಾಯವಿಲ್ಲ. ಆದರೆ ಜೊತೆಗೆ ಕಾಗದದ ನಕಾಶೆ, ದಿಕ್ಸೂಚಿ, ಬೇಕಾದುದಕ್ಕಿಂತ ಹೆಚ್ಚು ನೀರು, ಉಪಗ್ರಹ ದೂರವಾಣಿ ಅಥವಾ ಅಪಾಯ ಸೂಚಕ ಯಂತ್ರ ಇರಲೇಬೇಕು. ದಿಬ್ಬದ ಆಚೆಯಿಂದ ಬರುವವರಿಗೆ ಕಾಣುವಂತೆ ಗಾಡಿಯ ಮೇಲೆ ಎತ್ತರದ ಬಾವುಟ ಕಟ್ಟುವುದು ಅಲ್ಲಿ ಕಡ್ಡಾಯ. ಯಾವ ದಿನ ಎಲ್ಲಿರುವಿರೆಂಬ ವಿವರವನ್ನು ಮನೆಯವರಿಗೆ ಬರೆದುಕೊಟ್ಟು ಹೊರಡಬೇಕು. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯತೊಡಗಬಾರದು. ಆಕಾಶದಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ.

ಒಂದು ಮಾತು ಊರಿಗೆ ಬರುವವರಿಗೆ. ಪರವಾನಗಿಯಿಲ್ಲದ ಉಪಗ್ರಹ ದೂರವಾಣಿಯನ್ನು ಭಾರತಕ್ಕೆ ತರುವುದು ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಯಂತ್ರಗಳನ್ನು ಚೀಲದಲ್ಲಿಟ್ಟುಕೊಂಡು ಬಂದ ವಿದೇಶೀಯರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದುದುಂಟು. ಅವನ್ನು ಅಲ್ಲಿಯೇ ಇಟ್ಟುಬರುವುದು ಕ್ಷೇಮ.

ಸಿಂಪ್ಸನ್ ಮರುಭೂಮಿಯ ಉದ್ಯಾನವು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ಬಿಸಿಲಿನ ಕಾರಣ, ಪ್ರತಿವರ್ಷ ಮುಚ್ಚಿರುತ್ತದೆ. ಅಲ್ಲಿಯ ಶಾಲೆಗಳ ದೊಡ್ಡ ರಜೆಯೂ ಅದೇ ಅವಧಿಯಲ್ಲಿ ಬರುವುದರಿಂದ, ಆಗ ಮೊಮ್ಮಕ್ಕಳನ್ನು ನೋಡಲು ಹೋಗುವ ಅಜ್ಜ ಅಜ್ಜಿಯರಿಗೆ ಈ ಪ್ರವಾಸ ಒದಗಲಾರದು. ಮೇ ತಿಂಗಳಿಂದ ಆಗಸ್ಟ್‌ವರೆಗಿನ ಚಳಿಗಾಲವೇ ತಕ್ಕ ಸಮಯ. ಹಗಲು ಹಿತವಾಗಿದ್ದರೂ ರಾತ್ರಿಯ ಚಳಿಯು ನೀರು ಹೆಪ್ಪುಗಟ್ಟುವಷ್ಟು ಇರುವುದುಂಟು. ದಪ್ಪನೆಯ ಕಂಬಳಿಗಳನ್ನು ಕೊಂಡೊಯ್ಯಬೇಕು.